ಪಂಪಿನ ಬೆಲೆಯೂ ನೀರಿನ ಬೆಲೆಯೂ

ಪಟ್ಟಣದಲ್ಲಿ ನಲ್ಲಿ ತಿರುಗಿಸಿ ನೀರು ಹಿಡಿಯುವ ನಮಗೆ ಹಳ್ಳಿಯ ಕೈಪಂಪು ತೀರ ಸಾಮಾನ್ಯ ವಸ್ತು. ಆದರೆ ಅದರ ಚರಿತ್ರೆಯನ್ನು ನೋಡಿದಾಗ, ನಮ್ಮ ದೇಶ ಅರ್ಥಶಾಸ್ತ್ರದ ಒಂದು ಪಾಠವನ್ನು ಕಷ್ಟಪಟ್ಟು ಕಲಿತದ್ದು ಆ ಕಬ್ಬಿಣದ ಹಿಡಿಯಿಂದಲೇ ಎಂದು ನನಗೆ ತೋರುತ್ತದೆ.

1966-67ರಲ್ಲಿ ಬಿಹಾರಕ್ಕೆ ಭೀಕರ ಬರ ಬಂದಿತು, ಬಾವಿಗಳು ಬತ್ತಿದವು. ಆಗ ಯೂನಿಸೆಫ್ ಸಂಸ್ಥೆ ಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಮುಂದೆ ದಖನ್ನಿನ ಕಲ್ಲುನೆಲದಲ್ಲಿಯೂ ಕೊಳವೆ ಬಾವಿಗಳು ಎದ್ದವು. ಅವುಗಳ ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪು. ಅಗ್ಗವೇನೋ ಹೌದು, ಆದರೆ ಅದರ ಮೂಲ ನಮೂನೆ ಅಮೆರಿಕ, ಯೂರೋಪುಗಳ ರೈತನ ಮನೆಯದು. ಒಂದು ಸಂಸಾರಕ್ಕೆಂದು ಮಾಡಿದ್ದನ್ನು ಊರಿಗೆ ಊರೇ ಬೆಳಗಿನಿಂದ ಕತ್ತಲೆಯವರೆಗೆ ಜಗ್ಗಿದರೆ ಎಷ್ಟು ದಿನ ಬಾಳೀತು? 1970ರ ದಶಕದ ನಡುವೆ ಎಣಿಸಿ ನೋಡಿದಾಗ ಸುಮಾರು ನಾಲ್ಕರಲ್ಲಿ ಮೂರು ಪಂಪುಗಳು ಕೆಟ್ಟು ನಿಂತಿದ್ದವು.

ಬಾವಿ ಕೊರೆಯುವ ವೆಚ್ಚದ ಮುಂದೆ ಪಂಪಿನ ಬೆಲೆ ಅಲ್ಪ. ಆ ಅಲ್ಪದಲ್ಲಿ ಉಳಿಸಹೋಗಿ ಬಾವಿಯ ಹಣವನ್ನೇ ಹೂತಂತಾಯಿತು. ಕಡತದಲ್ಲಿ ಕೆಲಸ ಮುಗಿದಿತ್ತು. ಹೆಂಗಸರು ಕೊಡ ಹೊತ್ತು ಮತ್ತೆ ಹಳೆಯ ಹೊಂಡಕ್ಕೆ ನಡೆದರು. ಆ ನಡಿಗೆಗೆ ಕೂಲಿಯಿಲ್ಲವಾದ್ದರಿಂದ ಯಾವ ಲೆಕ್ಕದ ಪುಸ್ತಕವೂ ಅದನ್ನು ಖರ್ಚೆಂದು ಬರೆದುಕೊಳ್ಳಲಿಲ್ಲ.

ಪರಿಹಾರದ ದಾರಿ ತೋರಿದ್ದು ಮಹಾರಾಷ್ಟ್ರ. ಜಾಲ್ನಾ, ಸೊಲ್ಲಾಪುರಗಳಲ್ಲಿ ಬಾವಿ ಕೊರೆಯುತ್ತಿದ್ದವರು ಉಕ್ಕಿನ ಗಟ್ಟಿ ಪಂಪುಗಳನ್ನು ಮಾಡಿಕೊಂಡಿದ್ದರು. ಸೊಲ್ಲಾಪುರದ ನಮೂನೆಯನ್ನು ತಿದ್ದಿ, ಕೊಯಮತ್ತೂರಿನ ಬಳಿ ಪರೀಕ್ಷಿಸಿ, 1970ರ ದಶಕದ ಕೊನೆಗೆ ‘ಇಂಡಿಯಾ ಮಾರ್ಕ್ 2’ ಎಂದು ಹೊರತಂದರು. ಹಿಡಿಗೆ ಬಾಲ್ ಬೇರಿಂಗು, ಸರಳು ನೇರವಾಗಿ ಏಳಲು ಸರಪಣಿ, ಬುಡಕ್ಕೆ ಕಾಂಕ್ರೀಟು. ಅದಕ್ಕೆ ಪೇಟೆಂಟಿನ ಬೇಲಿ ಹಾಕಲಿಲ್ಲ. ಸರ್ಕಾರಿ ಮಾನಕವನ್ನು ಪಾಲಿಸುವ ಕಾರ್ಖಾನೆಗಳೆಲ್ಲ ಮಾಡಬಹುದಾಗಿತ್ತು. ಹೀಗೆ ಗಟ್ಟಿತನವೂ ಮಿತವಾದ ಬೆಲೆಯೂ ಒಟ್ಟಿಗೆ ಬಂದವು.

ಆದರೂ ಲೆಕ್ಕ ಮುಗಿಯಲಿಲ್ಲ. ಒಳಗಿನ ಒಂದು ಸಣ್ಣ ವಾಷರು ಸವೆದರೆ ಕೊಳವೆಯನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಮುಕ್ಕಾಲಿ, ಆಳುಗಳು, ವಾಹನ ಬೇಕು. ವಾಷರಿನ ಬೆಲೆಗಿಂತ ವಾಹನದ ದಾರಿ ಖರ್ಚೇ ಹೆಚ್ಚು! 1980ರ ದಶಕದಲ್ಲಿ ರೂಪುಗೊಂಡ ‘ಮಾರ್ಕ್ 3’ರಲ್ಲಿ ಕೊಳವೆಯನ್ನು ಅಗಲ ಮಾಡಿದರು. ಅದರಿಂದ ಪಂಪು ದುಬಾರಿಯಾಯಿತು. ಆದರೆ ಕೊಳವೆ ಎತ್ತದೆಯೇ ಊರಿನವರು ರಿಪೇರಿ ಮಾಡುವಂತಾಯಿತು.

ಅದೇ ದಶಕದಲ್ಲಿ ಕರ್ನಾಟಕದ ಮಂತ್ರಿ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. 1987ರಲ್ಲಿ ಚುನಾವಣೆ ನಡೆದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಹಿಂದೆ ಇದ್ದವರೂ ಅವರೇ. ಈ ಎರಡನ್ನೂ ನಾನು ಒಂದೇ ಕೆಲಸವೆಂದು ಎಣಿಸುತ್ತೇನೆ. ನೀರು ಹತ್ತಿರ ಬಂದರೆ ಸಾಲದು. ನೀರು ನಿಂತಾಗ ಕೇಳಬೇಕಾದ ಬಾಗಿಲೂ ಹತ್ತಿರವಿರಬೇಕು.

ಇಂದು ಅಂತರ್ಜಲ ಕುಸಿದು ಎಷ್ಟೋ ಕೈಪಂಪುಗಳು ಬರಿದೆ ನಿಂತಿವೆ. 2019ರ ಜಲಜೀವನ ಯೋಜನೆಯ ನಲ್ಲಿಗಳು ಮನೆಬಾಗಿಲಿಗೆ ಬರುತ್ತಿವೆ. ಒಳ್ಳೆಯದೇ. ಆದರೆ ನಲ್ಲಿ ಹಾಕಿಸಿದ ಖರ್ಚನ್ನು ಕೇಳಿ ತೃಪ್ತರಾಗುವುದು ಬೇಡ. ಮೋಟಾರು ಸುಟ್ಟ ದಿನ ಯಾರು ಬರುತ್ತಾರೆ, ಹಣ ಯಾರು ಕೊಡುತ್ತಾರೆ ಎಂಬುದನ್ನೂ ಕೇಳೋಣ. ಅದಕ್ಕೆ ಉತ್ತರವಿಲ್ಲದಿದ್ದರೆ, ಆ ಖರ್ಚು ಹಿಂದಿನಂತೆಯೇ ಕೊಡ ಹೊತ್ತವಳ ತಲೆಯ ಮೇಲೆ ಬೀಳುತ್ತದೆ.