ಆಪ್ಸ್ಲಿ ಹೌಸಿನ ಕ್ರಯ

ಲಂಡನ್ ನಗರದ ಪಶ್ಚಿಮ ಭಾಗದಲ್ಲಿ, ಪಿಕಡಿಲಿ ಬೀದಿಯು ಮುಗಿದು ಹೈಡ್ ಪಾರ್ಕ್ ಉದ್ಯಾನವು ಮೊದಲಾಗುವ ಮೂಲೆಯಲ್ಲಿ, ಆಪ್ಸ್ಲಿ ಹೌಸ್ ಎಂಬ ಮಹಾಗೃಹವೊಂದಿದೆ. ಇದಕ್ಕೆ 'ಲಂಡನ್, ಒಂದನೆಯ ನಂಬರು' ಎಂಬ ರೂಢಿಯ ಹೆಸರೂ ಉಂಟು. ಪಶ್ಚಿಮದ ಹಳ್ಳಿಗಾಡಿನಿಂದ ಬರುತ್ತಿದ್ದವರಿಗೆ ಸುಂಕದ ಕಟ್ಟೆಯನ್ನು ದಾಟಿದೊಡನೆ ಮೊದಲು ಸಿಕ್ಕುತ್ತಿದ್ದ ಮನೆ ಇದೇ ಆದುದರಿಂದ ಆ ಹೆಸರು ಬಂದಿತು. ವಾಟರ್ಲೂ ಯುದ್ಧವನ್ನು ಗೆದ್ದ ವೆಲಿಂಗ್ಟನ್ ಡ್ಯೂಕನ ಮನೆಯೆಂದು ಇದು ಲೋಕಪ್ರಸಿದ್ಧವಾಗಿದೆ. ಆದರೆ ಆತನು ಇದನ್ನು ಕಟ್ಟಿಸಿದವನಲ್ಲ. 1817ರಲ್ಲಿ ತನ್ನ ಅಣ್ಣನಿಂದ ಕ್ರಯಕ್ಕೆ ತೆಗೆದುಕೊಂಡವನು. ಆ ಅಣ್ಣನೇ 1799ರ ಮೈಸೂರು ಯುದ್ಧವನ್ನು ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. ತಮ್ಮನಾದ ಆರ್ಥರ್ ವೆಲ್ಲೆಸ್ಲಿಯು ಶ್ರೀರಂಗಪಟ್ಟಣವು ಬಿದ್ದ ಕೂಡಲೆ ಆ ಕೋಟೆಯ ಅಧಿಕಾರವನ್ನು ವಹಿಸಿಕೊಂಡು, ಟಿಪ್ಪುವಿನ ದರಿಯಾ ದೌಲತ್ತಿನಲ್ಲಿ ವಾಸಮಾಡಿದವನು. ಆದಕಾರಣ ಈ ಕ್ರಯದ ವೃತ್ತಾಂತವು ಕರ್ಣಾಟಕದ ಇತಿಹಾಸವನ್ನು ಓದುವವರಿಗೆ ತೀರ ಹೊರಗಿನದಲ್ಲ.

ಟಿಪ್ಪುವಿನದೆಂದು ಹೇಳುವ ಖಡ್ಗವೊಂದನ್ನು ಈ ಮನೆಯಲ್ಲಿ ಕಾಣಲಿಟ್ಟಿದ್ದಾರೆ. ಅದನ್ನು ನೋಡಿದವರಿಗೆ, ಮನೆಯೂ ಶ್ರೀರಂಗಪಟ್ಟಣದ ಕೊಳ್ಳೆಯಿಂದಲೇ ಬಂದುದೆಂದು ತೋರುವುದು ಸಹಜ. ಈ ಊಹೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮನೆಯ ಮೂಲವು ಮೈಸೂರು ಯುದ್ಧಕ್ಕಿಂತ ಹಿಂದಿನದು. ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆಗಿದ್ದ ಆಪ್ಸ್ಲಿ ಪ್ರಭುವಿಗಾಗಿ ರಾಬರ್ಟ್ ಆಡಮ್ ಎಂಬ ಹೆಸರಾಂತ ವಾಸ್ತುಶಿಲ್ಪಿಯು 1771ರಿಂದ 1778ರ ವರೆಗೆ ಇದನ್ನು ಕಟ್ಟಿದನು. ಆಗ ಇದು ಕೆಂಪು ಇಟ್ಟಿಗೆಯ ಮನೆ. ಈಗ ಕಾಣುವ ಕಲ್ಲಿನ ಮುಖವಾಗಲಿ ಕಂಬಸಾಲಿನ ಮುಖಮಂಟಪವಾಗಲಿ ಇರಲಿಲ್ಲ. ಹಿಂದೂಸ್ಥಾನದಿಂದ ಹಿಂದಿರುಗಿದ ರಿಚರ್ಡನು 1807ರಲ್ಲಿ ಇದನ್ನು ಕೊಂಡು, ಜೇಮ್ಸ್ ವಯಟ್ ಎಂಬ ಶಿಲ್ಪಿಯಿಂದ ಮಾರ್ಪಾಟು ಮಾಡಿಸಿದನು. ಅಯೋಧ್ಯೆಯ ನವಾಬನ ವಿಷಯದಲ್ಲಿ ಆತನು ನಡೆದುಕೊಂಡ ರೀತಿಯನ್ನು ಕುರಿತು ಪಾರ್ಲಿಮೆಂಟಿನಲ್ಲಿ ಆಕ್ಷೇಪಣೆಗಳು ನಡೆಯುತ್ತಿದ್ದ ಕಾಲವದು. ಅಂಥ ಸಮಯದಲ್ಲಿಯೇ ನಗರದ ಹೆಬ್ಬಾಗಿಲಿನಂತಿದ್ದ ಜಾಗದಲ್ಲಿ ಮನೆ ಹಿಡಿದುದು ಆತನ ಸ್ವಭಾವಕ್ಕೆ ತಕ್ಕುದಾಗಿಯೇ ಇದೆ.

ಇನ್ನು ಹಣದ ವಿಚಾರ. ಶ್ರೀರಂಗಪಟ್ಟಣದಲ್ಲಿ ಸಿಕ್ಕಿದ ಸೊತ್ತನ್ನು ಸೈನ್ಯದವರು ದರ್ಜೆಗೆ ತಕ್ಕಂತೆ ಹಂಚಿಕೊಂಡರು. ಸೇನಾಪತಿ ಹ್ಯಾರಿಸನ ಪಾಲಿಗೆ ಬಂದುದು 1,40,000 ಪೌನಿಗೂ ಮೇಲ್ಪಟ್ಟ ಮೊತ್ತ. ಆತನು ಆ ಹಣದಿಂದ 1801ರಲ್ಲಿ ಕೆಂಟ್ ಪ್ರಾಂತದ ಬೆಲ್ಮಾಂಟ್ ಎಂಬ ಮನೆಯನ್ನು ಕೊಂಡನು. ಮುಂದೆ 1815ರಲ್ಲಿ ಪ್ರಭುಪದವಿ ಬಂದಾಗ ಶ್ರೀರಂಗಪಟ್ಟಣ, ಮೈಸೂರು, ಬೆಲ್ಮಾಂಟ್ ಈ ಮೂರು ಹೆಸರುಗಳನ್ನೂ ಬಿರುದಿನಲ್ಲಿ ಸೇರಿಸಿಕೊಂಡನು. ಕೊಳ್ಳೆಯ ಹಣದಿಂದ ಕೊಂಡ ಮನೆಯನ್ನು ಹುಡುಕುವವರು ಲಂಡನ್ನನ್ನು ಬಿಟ್ಟು ಕೆಂಟಿಗೆ ಹೋಗಬೇಕು. ರಿಚರ್ಡನ ವಿಷಯ ಬೇರೆ. ಕೊಳ್ಳೆಯಲ್ಲಿ 1,00,000 ಪೌನನ್ನು ಆತನಿಗೆ ಕೊಡಬೇಕೆಂಬ ಸೂಚನೆ ಬಂದಾಗ, ಅದು ಸೈನ್ಯದವರಿಗೆ ಸಲ್ಲಬೇಕಾದುದೆಂದು ಆತನು ಒಪ್ಪಲಿಲ್ಲ. ಆದರೆ ಕುಂಪಣಿಯವರು ಅದಕ್ಕೆ ಬದಲಾಗಿ 20 ವರ್ಷಗಳ ಕಾಲ ವರ್ಷಕ್ಕೆ 5,000 ಪೌನಿನಂತೆ ಗೊತ್ತುಮಾಡಿದ ವರ್ಷಾಶನವನ್ನು ಸ್ವೀಕರಿಸಿದನು. ಕೊಳ್ಳೆಯನ್ನು ಮುಟ್ಟಲಿಲ್ಲವೆಂಬುದು ದಿಟ. ಆದರೂ ಈ ವರ್ಷಾಶನವು ಮೈಸೂರಿನ ಜಯಕ್ಕೆ ಬಂದ ಪ್ರತಿಫಲವೆಂಬುದನ್ನು ಮರೆಯುವಂತಿಲ್ಲ. ಆತನು ಆಪ್ಸ್ಲಿ ಹೌಸಿನಲ್ಲಿದ್ದ ವರ್ಷಗಳೆಲ್ಲವೂ ಈ ಇಪ್ಪತ್ತು ವರ್ಷಗಳೊಳಗೇ ಬೀಳುತ್ತವೆ.

ತಮ್ಮನ ಪಾಲು ಇದಕ್ಕಿಂತ ಬಹಳ ಸಣ್ಣದು. ಒಡವೆಯ ರೂಪದಲ್ಲಿ 3,000, ನಗದಾಗಿ 7,000, ಒಟ್ಟು 10,000 ವರಹ, ಅಂದರೆ ಸುಮಾರು 4,000 ಪೌನು. ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಆ ಕಾಲದ ಇಂಗ್ಲಿಷ್ ಸೈನ್ಯದಲ್ಲಿ ಅಧಿಕಾರಪದವಿಗಳನ್ನು ಹಣಕೊಟ್ಟು ಕೊಳ್ಳುವ ಪದ್ಧತಿಯಿದ್ದಿತು. ಆರ್ಥರನ ಲೆಫ್ಟೆನೆಂಟ್ ಕರ್ನಲ್ ಪದವಿಗೆ ಬೇಕಾದ ಹಣವನ್ನು ಅಣ್ಣನೇ ಸಾಲವಾಗಿ ಕೊಟ್ಟಿದ್ದನು. ಶ್ರೀರಂಗಪಟ್ಟಣದ ಪಾಲು ಕೈಗೆ ಬಂದ 1799ರ ಜೂನಿನಲ್ಲಿ ಆರ್ಥರನು ಅಣ್ಣನಿಗೆ ಕಾಗದ ಬರೆದು, ಆ ಸಾಲವನ್ನು ತೀರಿಸಲು ಸಿದ್ಧನಿರುವುದಾಗಿ ತಿಳಿಸಿದನು. ರಿಚರ್ಡನು ಆ ಹಣವನ್ನು ತೆಗೆದುಕೊಳ್ಳಲಿಲ್ಲ. ಇಡೀ ಯುದ್ಧದ ಕಾಗದಪತ್ರಗಳಲ್ಲಿ ಇಷ್ಟು ಮನೆಮಾತಿನಂಥ ಕಾಗದಗಳು ಅಪರೂಪ. ರಾಜ್ಯವೊಂದನ್ನು ಹಂಚಿಹಾಕುತ್ತಿದ್ದ ಅದೇ ತಿಂಗಳಲ್ಲಿ, ಹಂಚುವ ಕಮಿಷನರುಗಳಲ್ಲಿ ಒಬ್ಬನಾಗಿದ್ದ ತಮ್ಮನು ತನ್ನ ಹಳೆಯ ಕೈಸಾಲದ ಲೆಕ್ಕವನ್ನು ನೋಡುತ್ತಿದ್ದನು. ಆ ತಿಂಗಳ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು.

ಹದಿನೆಂಟು ವರ್ಷಗಳ ತರುವಾಯ ಅಣ್ಣತಮ್ಮಂದಿರ ಸ್ಥಿತಿಗಳು ಅದಲುಬದಲಾದುವು. ರಿಚರ್ಡನು 1809ರಿಂದ 1812ರ ವರೆಗೆ ವಿದೇಶಾಂಗ ಮಂತ್ರಿಯಾಗಿದ್ದು, ಮುಖ್ಯಮಂತ್ರಿಯಾಗಬೇಕೆಂಬ ಆಸೆ ಕೈಗೂಡದೆ ಹಿಂದೆ ಸರಿದಿದ್ದನು. ವೆಚ್ಚದಲ್ಲಿ ಮಾತ್ರ ಕಲ್ಕತ್ತೆಯ ದರ್ಬಾರಿನ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಸಾಲ ಬೆಳೆಯಿತು, ಮನೆಯನ್ನು ಮಾರಬೇಕಾಯಿತು. ಆರ್ಥರನಾದರೋ ಡ್ಯೂಕನಾಗಿದ್ದನು, ಪಾರ್ಲಿಮೆಂಟು ಆತನಿಗೆ 1812ರಲ್ಲಿ 1,00,000, 1814ರಲ್ಲಿ 4,00,000, 1815ರಲ್ಲಿ 2,00,000 ಪೌನುಗಳನ್ನು ಮಂಜೂರುಮಾಡಿತ್ತು. ಹೀಗೆ 1817ರಲ್ಲಿ ತಮ್ಮನು ಸುಮಾರು 40,000 ಪೌನು ಕೊಟ್ಟು ಅಣ್ಣನ ಮನೆಯನ್ನು ಕೊಂಡನು. ವ್ಯವಹಾರವನ್ನು ನಡೆಯಿಸಿದವನು ಬೆಂಜಮಿನ್ ಡೀನ್ ವಯಟ್. ಹಿಂದೆ ಈ ಮನೆಯನ್ನು ಮಾರ್ಪಡಿಸಿದ ಜೇಮ್ಸ್ ವಯಟನ ಮಗ, ಪ್ರಾಯದಲ್ಲಿ ಕಲ್ಕತ್ತೆಯಲ್ಲಿ ಕುಂಪಣಿಯ ಉದ್ಯೋಗದಲ್ಲಿದ್ದವನು, ಆಮೇಲೆ ಆರ್ಥರನಿಗೆ ಕಾರ್ಯದರ್ಶಿಯಾಗಿದ್ದವನು. ಶ್ರೀರಂಗಪಟ್ಟಣದಿಂದ ಬರೆದ ಕಾಗದವನ್ನು ಓದಿದವರಿಗೆ, ಅಂದು ಅಣ್ಣನು ಬೇಡವೆಂದ ಸಾಲವು ಇಂದು ಇನ್ನೊಂದು ರೂಪದಿಂದ ತೀರಿತೆಂದು ತೋರಬಹುದು. ಇದು ನನ್ನ ಊಹೆ. ಅವರಿಬ್ಬರೂ ಹಾಗೆಣಿಸಿದರೆಂದು ನಾನು ಹೇಳುವುದಿಲ್ಲ. ಆದರೆ ಮನೆಯ ಬೆಲೆ ಬಂದುದು ಸ್ಪೇನ್ ಮತ್ತು ವಾಟರ್ಲೂ ಜಯಗಳ ಬಹುಮಾನದ ಹಣದ ಬಲದಿಂದಲೇ ಹೊರತು, ಎಂದೋ ಬಂದ ಹತ್ತು ಸಾವಿರ ವರಹದಿಂದಲ್ಲವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಕೊಂಡ ಮೇಲೆ ಮನೆಯ ರೂಪವೇ ಬದಲಾಯಿತು. ಬೆಂಜಮಿನ್ ವಯಟನು 1828ರ ಸುಮಾರಿನಲ್ಲಿ ಇಟ್ಟಿಗೆಯ ಗೋಡೆಗಳಿಗೆ ಬಾತ್ ಕಲ್ಲಿನ ಹೊದಿಕೆಯನ್ನು ಹೊದಿಸಿ, ಮುಖಮಂಟಪವನ್ನೆತ್ತಿ, ಹತ್ತಿರ ಹತ್ತಿರ 90 ಅಡಿ ಉದ್ದದ ವಾಟರ್ಲೂ ಶಾಲೆಯನ್ನು ಸೇರಿಸಿದನು. ಪ್ರತಿವರ್ಷವೂ ಜೂನ್ 18ರಂದು ಹಳೆಯ ಸೇನಾನಾಯಕರಿಗೆ ಇಲ್ಲಿ ಔತಣ ನಡೆಯುತ್ತಿತ್ತು. ಗೋಡೆಗಳ ಮೇಲಿನ ಚಿತ್ರಗಳಲ್ಲಿ ಬಹುಭಾಗವು ಸ್ಪೇನಿನ ರಾಜಸಂಗ್ರಹದವು: 1813ರಲ್ಲಿ ವಿಟೋರಿಯ ಯುದ್ಧದಲ್ಲಿ ಓಡಿಹೋದ ಜೋಸೆಫ್ ಬೋನಪಾರ್ಟನ ಬಂಡಿಗಳಲ್ಲಿ ಸಿಕ್ಕಿದುವು. ವೆಲಿಂಗ್ಟನನು ಹಿಂದಕ್ಕೆ ಕೊಡುವೆನೆಂದಾಗ ಸ್ಪೇನಿನ ರಾಜನು ಇಟ್ಟುಕೊಳ್ಳುವಂತೆ ತಿಳಿಸಿದನು. ಶ್ರೀರಂಗಪಟ್ಟಣದ ಅರಮನೆಯ ವಿಷಯದಲ್ಲಿ ಹಾಗೆ ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಮೆಟ್ಟಿಲುಗಳ ಬುಡದಲ್ಲಿ ಕನೋವನು ಕಡೆದ, 11 ಅಡಿಗೂ ಎತ್ತರವಾದ ನೆಪೋಲಿಯನನ ದಿಗಂಬರಪ್ರತಿಮೆಯು ನಿಂತಿದೆ. ಡ್ಯೂಕನಿಗೆ 1803ರ ಮರಾಠಾ ಯುದ್ಧದ ಸಂಗಡಿಗರು ಅರ್ಪಿಸಿದ, ಚಿನ್ನದ ಮೊಲಾಮಿನ ಬೆಳ್ಳಿಯ ಭೋಜನಪಾತ್ರೆಗಳೂ ಇಲ್ಲಿವೆ. ಅವುಗಳಿಗೆ ದಖ್ಖನಿನ ಹೆಸರೇ ಇದೆ. 1831ರಲ್ಲಿ ಪಾರ್ಲಿಮೆಂಟಿನ ಸುಧಾರಣೆಯನ್ನು ಡ್ಯೂಕನು ವಿರೋಧಿಸಿದುದಕ್ಕಾಗಿ ಜನರ ಗುಂಪು ಕಿಟಕಿಗಳ ಗಾಜುಗಳನ್ನು ಕಲ್ಲಿನಿಂದೊಡೆಯಿತು. ಆತನು ಕಬ್ಬಿಣದ ಮುಚ್ಚಳಗಳನ್ನು ಹಾಕಿಸಿದನು. ಅಣ್ಣನ ಕಾಲದ ಗುರುತುಗಳು ಈ ಹೊದಿಕೆಗಳ ಒಳಗಡೆ ಅಡಗಿಹೋದುವು.

ರಿಚರ್ಡನ ಬಡತನ ಮಾತ್ರ ನೀಗಲಿಲ್ಲ. ವರ್ಷಾಶನದ ಬಹುಭಾಗವೆಲ್ಲ ಸಾಲದವರಿಗೆ ಸಂದುದೆಂದು ತಿಳಿದು ಕುಂಪಣಿಯವರು 1837ರಲ್ಲಿ ಮತ್ತೆ 20,000 ಪೌನುಗಳನ್ನು ಕೊಟ್ಟರು. 1842ರ ಸೆಪ್ಟೆಂಬರ್ 26ರಂದು ಆತನು ನೈಟ್ಸ್‌ಬ್ರಿಜ್ಜಿನ ಕಿಂಗ್ಸ್ಟನ್ ಹೌಸಿನಲ್ಲಿ, ಅಂದರೆ ತಾನು ಮಾರಿದ ಮನೆಯಿಂದ ಹೆಚ್ಚು ದೂರವಲ್ಲದ ಕಡೆಯಲ್ಲಿ, ತೀರಿಕೊಂಡನು. ಆಪ್ಸ್ಲಿ ಹೌಸನ್ನು ಏಳನೆಯ ಡ್ಯೂಕನು 1947ರಲ್ಲಿ ರಾಷ್ಟ್ರಕ್ಕೊಪ್ಪಿಸಿ, ಒಂದು ಭಾಗವನ್ನು ಮಾತ್ರ ತನ್ನ ವಂಶದವರ ವಾಸಕ್ಕೆ ಉಳಿಸಿಕೊಂಡನು. 1952ರಲ್ಲಿ ಅದು ಜನರಿಗೆ ತೆರೆಯಿತು. ನಮ್ಮ ಕಡೆಯಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಅಲ್ಲಿ ವಾಸಿಸಿದವನು ತಮ್ಮನಾದುದರಿಂದ ಅದು ಅವನ ಹೆಸರೆಂದು ಭ್ರಮಿಸಲು ಅವಕಾಶವುಂಟು, ಅದು ಅಣ್ಣನದು.