ಬಣ್ಣ ಕಚ್ಚಿಕೊಂಡವು, ಬಣ್ಣ ಬಿಟ್ಟುಕೊಟ್ಟವು

ನಮ್ಮ ಕರುಳಿನಲ್ಲಿ ಬದುಕುವ ಇ. ಕೊಲೈ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೊಮೀಟರ್. ಅಂಥ ಐನೂರನ್ನು ತಲೆಗೆ ಬಾಲ ಸೇರಿಸಿ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಅದನ್ನು ನೋಡಲು ಅಡ್ಡಿಯಾಗುವುದು ಗಾತ್ರವೊಂದೇ ಅಲ್ಲ. ಅದರ ಮೈಯ ಬಹುಪಾಲು ನೀರು, ಸುತ್ತಲಿರುವುದೂ ನೀರು, ಬೆಳಕು ಎರಡನ್ನೂ ಒಂದೇ ಬಗೆಯಲ್ಲಿ ಹಾದುಹೋಗುತ್ತದೆ. ಹಾಗಾಗಿ ಬ್ಯಾಕ್ಟೀರಿಯಾಗಳನ್ನು ಅರಿಯುವ ಕೆಲಸದಲ್ಲಿ ಮಸೂರಕ್ಕೆ ಎಷ್ಟು ಪಾಲಿದೆಯೋ ಬಣ್ಣಕ್ಕೂ ಅಷ್ಟೇ ಇದೆ. ನನ್ನನ್ನು ಕೇಳಿದರೆ ಬಣ್ಣದ ಪಾಲೇ ಒಂದು ಕೈ ಹೆಚ್ಚು.

ಬಣ್ಣವಿಲ್ಲದೆಯೇ ಮೊದಲು ನೋಡಿದವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ತಾವೇ ಉಜ್ಜಿ ನಯಮಾಡಿದ ಒಂಟಿ ಮಸೂರದಲ್ಲಿ ಮೆಣಸು ನೆನೆಹಾಕಿದ ನೀರನ್ನು ನೋಡಿ, ಅದರಲ್ಲಿ ಓಡಾಡುವ ಜೀವಿಗಳ ಬಗ್ಗೆ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. 1683ರ ಪತ್ರದಲ್ಲಿ ತಮ್ಮದೇ ಹಲ್ಲಿನ ಸಂದಿಯಿಂದ ತೆಗೆದ ಬಿಳಿಯ ಪದಾರ್ಥದಲ್ಲಿ ಕಂಡದ್ದನ್ನು ವಿವರಿಸಿದರು. ಅದರ ಜೊತೆಗಿದ್ದ ಚಿತ್ರಗಳಲ್ಲಿ ಕಡ್ಡಿಯಂಥವು, ಗುಂಡಗಿನವು, ತಿರುಚಿಕೊಂಡವು ಎಲ್ಲವೂ ಇವೆ. ಒಂದು ಕಡ್ಡಿ ಸಾಗಿದ ದಾರಿಯನ್ನಂತೂ ಚುಕ್ಕಿಗಳ ಗೆರೆಯಲ್ಲಿ ತೋರಿಸಿದ್ದಾರೆ. ಇಂದಿಗೂ ಮೊದಲ ವರ್ಷದ ವಿದ್ಯಾರ್ಥಿಗಳು ಕಲಿಯುವ ಮೂರು ಮುಖ್ಯ ಆಕಾರಗಳು ಆ ಒಂದೇ ಹಾಳೆಯಲ್ಲಿವೆ.

ಆಮೇಲಿನ ಒಂದೂವರೆ ಶತಮಾನದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. 1838ರಲ್ಲಿ ಜರ್ಮನ್ ವಿಜ್ಞಾನಿ ಏರನ್‌ಬರ್ಗ್ ತಮ್ಮ ದೊಡ್ಡ ಗ್ರಂಥದಲ್ಲಿ ಈ ಜೀವಿಗಳನ್ನು ಹೆಸರಿಟ್ಟು ವಿಂಗಡಿಸಿದರು. ಬ್ರೆಸ್ಲಾವಿನ ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ 1872ರಲ್ಲಿ ಆಕಾರವನ್ನೇ ಆಧಾರವಾಗಿಟ್ಟು ಅವುಗಳನ್ನು ನಾಲ್ಕು ಗುಂಪು ಮಾಡಿದರು. ಇವು ಒಂದು ಆಕಾರದಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತವೆ, ವಿಂಗಡಣೆಗೆ ಅರ್ಥವಿಲ್ಲ ಎಂದು ಕಾರ್ಲ್ ನೇಗೆಲಿಯಂಥ ದೊಡ್ಡವರು ವಾದಿಸುತ್ತಿದ್ದ ಕಾಲ ಅದು. ಒಂದೊಂದು ಬಗೆಗೂ ಅದರದೇ ಸ್ಥಿರ ರೂಪವಿದೆ ಎಂದು ಕೋನ್ ಹಟ ಹಿಡಿದದ್ದರಿಂದಲೇ ಒಂದೊಂದು ರೋಗಕ್ಕೂ ಅದರದೇ ಬ್ಯಾಕ್ಟೀರಿಯಾ ಇದೆ ಎಂಬ ಮಾತಿಗೆ ನೆಲ ಸಿಕ್ಕಿತು. 1876ರಲ್ಲಿ ರಾಬರ್ಟ್ ಕಾಕ್ ತಮ್ಮ ಆಂಥ್ರಾಕ್ಸ್ ಸಂಶೋಧನೆಯನ್ನು ಹೊತ್ತು ಹೋದದ್ದು ಇದೇ ಕೋನ್ ಅವರ ಬಳಿಗೆ.

ಅಷ್ಟರಲ್ಲಿ ಬಟ್ಟೆಯ ಲೋಕದಲ್ಲಿ ಬೇರೊಂದು ಕ್ರಾಂತಿ ನಡೆದಿತ್ತು. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೊರಟು, ಕಲ್ಲಿದ್ದಲಿನ ಟಾರಿನಲ್ಲಿ ಸಿಗುವ ಅನಿಲೀನಿನಿಂದ ನೇರಳೆ ಬಣ್ಣ ಪಡೆದಿದ್ದ. ಟಾರಿನಿಂದ ಬಣ್ಣ ತೆಗೆಯುವ ಉದ್ಯಮ ಜರ್ಮನಿಯಲ್ಲಿ ಬೆಳೆಯಿತು. ರೇಷ್ಮೆಗೆ ಹತ್ತುವ ಬಣ್ಣ ಜೀವಕೋಶಕ್ಕೂ ಹತ್ತೀತೇ ಎಂದು ಕಾರ್ಲ್ ವೈಗರ್ಟ್ ಮೊದಲಾದವರು ಪರೀಕ್ಷಿಸಿದರು. ಹತ್ತಿತು. ಈ ಬಣ್ಣಗಳಲ್ಲಿ ಹಲವು ಧನ ವಿದ್ಯುದಂಶದವು, ಬ್ಯಾಕ್ಟೀರಿಯಾದ ಮೈ ಋಣ ವಿದ್ಯುದಂಶದ್ದು. 1877ರಲ್ಲಿ ಕಾಕ್ ಗಾಜಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಬಣ್ಣ ಹಾಕಿ, ಫೋಟೊ ತೆಗೆಯುವ ವಿಧಾನ ಪ್ರಕಟಿಸಿದರು. ಇಂದಿನ ಲ್ಯಾಬುಗಳ ಸ್ಮಿಯರ್ ಅದರ ನೇರ ವಂಶಸ್ಥ.

ಎಲ್ಲಕ್ಕೂ ಬಣ್ಣ ಹತ್ತಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹತ್ತಿದ ಬಣ್ಣವನ್ನು ತೊಳೆಯಲು ಹೊರಟಾಗ ಯಾವುದು ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದು ನೋಡತೊಡಗಿದ್ದೇ ಈ ವಿದ್ಯೆಯ ನಿಜವಾದ ತಿರುವು.

1882ರ ಮಾರ್ಚ್ 24ರಂದು ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿದರು. ಅವರ ವಿಧಾನದಲ್ಲಿ ಸ್ಲೈಡು ಇಡೀ ದಿನ ಬಣ್ಣದಲ್ಲಿ ನೆನೆಯಬೇಕಿತ್ತು. ಅದೇ ವರ್ಷ ಪೌಲ್ ಎರ್ಲಿಕ್ ಅದನ್ನು ಸುಧಾರಿಸಿದರು. ಒಮ್ಮೆ ಬಣ್ಣ ಹಿಡಿದ ಕ್ಷಯದ ಬ್ಯಾಕ್ಟೀರಿಯಾ ಆಮ್ಲದಲ್ಲಿ ತೊಳೆದರೂ ಅದನ್ನು ಬಿಡುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ಆಮೇಲೆ ತ್ಸೀಲ್ ಎಂಬವರು ಈ ವಿಧಾನಕ್ಕೆ ಕಾರ್ಬಾಲಿಕ್ ಆಮ್ಲವನ್ನು ತಂದರು, ನೀಲ್ಸನ್ ಎಂಬವರು ಅದನ್ನು ಫುಕ್ಸಿನ್ ಕೆಂಪಿನೊಂದಿಗೆ ಬೆರೆಸಿದರು. ನಮ್ಮ ಆಸ್ಪತ್ರೆಗಳ ಕಫ ಪರೀಕ್ಷೆ ದಶಕಗಳ ಕಾಲ ನಡೆದದ್ದು ಹೀಗೆಯೇ: ಸ್ಲೈಡಿನ ಮೇಲೆ ಕಾರ್ಬಾಲ್ ಫುಕ್ಸಿನ್ ಸುರಿದು, ಕುದಿಯಗೊಡದೆ ಹಬೆ ಏಳುವಷ್ಟು ಕಾಯಿಸಿ, ನೀರಿನಲ್ಲಿ ತೊಳೆದು, 25% ಗಂಧಕಾಮ್ಲ ಹಾಕಿ, ಕೊನೆಗೆ ಮೆಥಿಲೀನ್ ನೀಲಿ. ನೀಲಿ ಹಿನ್ನೆಲೆಯಲ್ಲಿ ತೆಳ್ಳನೆಯ, ಕೆಲವೊಮ್ಮೆ ತುಸು ಬಾಗಿದ ಕೆಂಪು ಕಡ್ಡಿಗಳು. ಈ ಬ್ಯಾಕ್ಟೀರಿಯಾದ ಮೈಮೇಲಿನ, ಮೈಕಾಲಿಕ್ ಆಮ್ಲಗಳ ಮೇಣದಂಥ ಹೊದಿಕೆ ಬಣ್ಣವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಬಿಟ್ಟ ಮೇಲೆ ಹೊರಗೂ ಬಿಡುವುದಿಲ್ಲ. ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾ ಇದ್ದರಷ್ಟೇ ಈ ಪರೀಕ್ಷೆಯಲ್ಲಿ ಸಿಗುತ್ತವೆ ಎಂಬ ಮಿತಿ ಇದೆ. ಆದರೂ 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳ ಮೇಲೆ ನಿಂತ ದೇಶದ ಕ್ಷಯ ಕಾರ್ಯಕ್ರಮ ಹಳ್ಳಿಗಳ ಆರೋಗ್ಯ ಕೇಂದ್ರಗಳನ್ನು ತಲುಪಲು ನೆಚ್ಚಿಕೊಂಡದ್ದು ಈ ಅಗ್ಗದ ಕೆಂಪು ಬಣ್ಣವನ್ನೇ. ಜೀನ್ ಪರೀಕ್ಷೆಯ ಯಂತ್ರಗಳು ಬಂದಿರುವ ಈ ಹೊತ್ತಿನಲ್ಲೂ ಅದರ ಋಣವನ್ನು ಮರೆಯಬಾರದು.

1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್ನಿನಲ್ಲಿ ಕಾರ್ಲ್ ಫ್ರೀಡ್‌ಲೆಂಡರ್ ಜೊತೆ ಕೆಲಸ ಮಾಡುತ್ತಿದ್ದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಲ್ಲಿ ಬ್ಯಾಕ್ಟೀರಿಯಾವನ್ನು ರೋಗಿಯ ಜೀವಕೋಶಗಳಿಂದ ಬೇರೆಯಾಗಿ ಕಾಣಿಸುವುದು ಅವರ ಗುರಿ. ನೇರಳೆ ಬಣ್ಣ ಹಾಕಿ, ಮೇಲೆ ಅಯೋಡಿನ್ ದ್ರಾವಣ ಹಾಕಿ, ಆಲ್ಕೊಹಾಲಿನಲ್ಲಿ ತೊಳೆದರು. ಜೀವಕೋಶಗಳ ಬಣ್ಣ ಹೋಯಿತು, ಬ್ಯಾಕ್ಟೀರಿಯಾ ನೇರಳೆಯಾಗಿಯೇ ಉಳಿದವು. ಆದರೆ ಎಲ್ಲವೂ ಅಲ್ಲ, ಟೈಫಾಯ್ಡಿನ ಬ್ಯಾಕ್ಟೀರಿಯಾಗಳು ಬಣ್ಣ ಬಿಟ್ಟುಬಿಟ್ಟವು. ಗ್ರಾಂ ತಮ್ಮ ಪ್ರಬಂಧದಲ್ಲಿ ವಿಧಾನದ ಕೊರತೆಗಳನ್ನು ಒಪ್ಪಿಕೊಂಡೇ ಬರೆದರು. ಅವರಿಗೆ ಕೊರತೆಯಾಗಿ ತೋರಿದ ಆ ವ್ಯತ್ಯಾಸವೇ ಸೂಕ್ಷ್ಮಜೀವಿ ಶಾಸ್ತ್ರದ ಅತಿ ಮುಖ್ಯ ವಿಂಗಡಣೆಯಾಯಿತು. ಬಣ್ಣ ಬಿಟ್ಟವನ್ನು ಗುಲಾಬಿಯಾಗಿ ತೋರಿಸುವ ಸಾಫ್ರನಿನ್ ಆಮೇಲೆ ಬೇರೆಯವರು ಸೇರಿಸಿದ್ದು.

ಈ ಪರೀಕ್ಷೆಯ ಜೀವ ಇರುವುದು ಆಲ್ಕೊಹಾಲಿನ ಕೆಲವೇ ಸೆಕೆಂಡುಗಳಲ್ಲಿ. ಸ್ಲೈಡನ್ನು ಓರೆಯಾಗಿ ಹಿಡಿದು ಹನಿಹನಿಯಾಗಿ ಬಿಡುತ್ತಾ ಹೋದಂತೆ ನೇರಳೆ ನೀರು ಇಳಿಯುತ್ತದೆ. ಅದು ತಿಳಿಯಾದ ಕೂಡಲೇ ನಿಲ್ಲಿಸಬೇಕು. ಜಾಸ್ತಿಯಾದರೆ ನೇರಳೆಯಾಗಬೇಕಾದದ್ದೂ ಗುಲಾಬಿ, ಕಮ್ಮಿಯಾದರೆ ಎಲ್ಲವೂ ನೇರಳೆ. ಬೆಳೆಸಿ ದಿನಗಳಾದ ಕಲ್ಚರ್ ಆದರೂ ಉತ್ತರ ತಪ್ಪುತ್ತದೆ. ನುರಿತ ಕೈಗೆ ಇಡೀ ಕೆಲಸ ಕೆಲವು ನಿಮಿಷಗಳದ್ದು. ಮಿದುಳುಪೊರೆಯ ಉರಿಯೂತದ ರೋಗಿಯ ಬೆನ್ನುಹುರಿಯ ದ್ರವದಲ್ಲಿ ಗುಲಾಬಿ ಜೋಡಿ ಗುಂಡುಗಳು ಕಂಡರೆ ವೈದ್ಯರ ಯೋಚನೆ ಒಂದು ದಾರಿ ಹಿಡಿಯುತ್ತದೆ, ನೇರಳೆ ಜೋಡಿಗಳು ಕಂಡರೆ ಇನ್ನೊಂದು. ಕಲ್ಚರ್ ಫಲಿತಾಂಶಕ್ಕೆ ಒಂದೆರಡು ದಿನ ಬೇಕು, ಅಷ್ಟು ಹೊತ್ತು ರೋಗ ಕಾಯುವುದಿಲ್ಲ.

ಕೆಲವು ನೇರಳೆಯನ್ನು ಹಿಡಿದಿಟ್ಟು ಕೆಲವು ಬಿಟ್ಟುಕೊಡುವುದೇಕೆ ಎಂಬುದು ಗ್ರಾಂ 1938ರಲ್ಲಿ ತೀರಿಕೊಳ್ಳುವವರೆಗೂ ಇತ್ಯರ್ಥವಾಗಿರಲಿಲ್ಲ. ಉತ್ತರ ಹೊರಟದ್ದು ಆಕಾರದ ಪ್ರಶ್ನೆಯಿಂದ. 1953ರಲ್ಲಿ ಕ್ಲೇಸ್ ವೈಬುಲ್ ಒಂದು ಕಡ್ಡಿ ಬ್ಯಾಕ್ಟೀರಿಯಾವನ್ನು ಸಕ್ಕರೆ ದ್ರಾವಣದಲ್ಲಿಟ್ಟು, ಲೈಸೊಜೈಮ್ ಎಂಬ ಕಿಣ್ವದಿಂದ ಅದರ ಕೋಶಭಿತ್ತಿಯನ್ನು ಕರಗಿಸಿದರು. ಕಡ್ಡಿ ಗುಂಡಗಾಯಿತು, ಸಾಯಲಿಲ್ಲ. ಆಕಾರವನ್ನು ಹಿಡಿದಿಟ್ಟಿರುವುದು ಹೊರಗಿನ ಭಿತ್ತಿ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಉಳಿದದ್ದನ್ನು ತೋರಿಸಿತು: ನೇರಳೆಯಾಗಿ ಉಳಿಯುವ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಲ್ಲಿ ಪೆಪ್ಟಿಡೊಗ್ಲೈಕಾನ್ ಎಂಬ ಪದಾರ್ಥದ ದಪ್ಪ ಭಿತ್ತಿ, ಬಣ್ಣ ಬಿಡುವ ಗ್ರಾಂ ನೆಗೆಟಿವ್ ಬಗೆಯಲ್ಲಿ ಕೆಲವೇ ನ್ಯಾನೊಮೀಟರಿನ ತೆಳು ಪದರ, ಅದರಾಚೆ ಕೊಬ್ಬಿನ ಇನ್ನೊಂದು ಪೊರೆ. ಆಲ್ಕೊಹಾಲ್ ದಪ್ಪ ಭಿತ್ತಿಯ ನೀರನ್ನು ಹೀರಿ ಬಿಗಿಯಾಗಿಸುತ್ತದೆ, ಬಣ್ಣ ಮತ್ತು ಅಯೋಡಿನ್ ಸೇರಿದ ದೊಡ್ಡ ಕಣಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಇನ್ನೊಂದು ಬಗೆಯಲ್ಲಿ ಹೊರಪೊರೆಯೇ ಹರಿದು ಬಣ್ಣ ಸೋರಿಹೋಗುತ್ತದೆ. 1983ರಲ್ಲಿ ಬೆವರಿಜ್ ಮತ್ತು ಡೇವಿಸ್ ಅಯೋಡಿನ್ ಬದಲು ಪ್ಲಾಟಿನಂ ಸಂಯುಕ್ತ ಬಳಸಿ ಇದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ವಿಧಾನ ಹುಟ್ಟಿ ಆಗಲೇ 99 ವರ್ಷ.

ಈ ಸೂಕ್ಷ್ಮದರ್ಶಕದಲ್ಲಿ ಕಂಡದ್ದೆಲ್ಲ ನಿಜವೂ ಆಗಿರಲಿಲ್ಲ. ಕೋಶಪೊರೆ ಒಳಗೆ ಮಡಚಿಕೊಂಡ ‘ಮೀಸೊಸೋಮ್’ ಎಂಬ ಅಂಗವೊಂದು ವರ್ಷಗಟ್ಟಲೆ ಪಠ್ಯಪುಸ್ತಕಗಳಲ್ಲಿತ್ತು. ಬ್ಯಾಕ್ಟೀರಿಯಾಗಳನ್ನು ರಾಸಾಯನಿಕವಿಲ್ಲದೆ ಥಟ್ಟನೆ ಹೆಪ್ಪುಗಟ್ಟಿಸಿ ನೋಡಿದಾಗ ಅದು ಮಾಯವಾಯಿತು. ಸೂಕ್ಷ್ಮದರ್ಶಕಕ್ಕೆ ಅಣಿಮಾಡುವ ರಾಸಾಯನಿಕಗಳೇ ಅದನ್ನು ಸೃಷ್ಟಿಸಿದ್ದವು. ಇದನ್ನು ಇಂದಿಗೂ ಅಂಗವೆಂದೇ ಕಲಿಸುವ ಪುಸ್ತಕಗಳನ್ನು ತಿದ್ದಬೇಕಿದೆ.

ಬ್ಯಾಕ್ಟೀರಿಯಾದ ಆಕಾರವನ್ನು ಹಿಡಿದಿಡುವುದು ಭಿತ್ತಿಯಾದರೆ, ಭಿತ್ತಿಗೆ ಆಕಾರ ಕೊಡುವವರಾರು? 1991ರಲ್ಲಿ, ಕೋಶ ಎರಡಾಗುವ ಜಾಗದಲ್ಲಿ ಎಫ್‌ಟಿಎಸ್‌ಝೆಡ್ ಪ್ರೋಟೀನು ಉಂಗುರ ಕಟ್ಟುವುದು ಕಂಡಿತು. 2001ರಲ್ಲಿ, ಕಡ್ಡಿಗಳನ್ನು ಕಡ್ಡಿಗಳಾಗಿಡುವ ಎಂಆರ್‌ಇಬಿ ಎಳೆಗಳು ಕಂಡವು. 2003ರಲ್ಲಿ ಕಾಲೊಬ್ಯಾಕ್ಟರ್ ಎಂಬ ಬಾಗಿದ ಬ್ಯಾಕ್ಟೀರಿಯಾದ ಒಳಬಾಗಿನುದ್ದಕ್ಕೂ ಕ್ರೆಸೆಂಟಿನ್ ಎಂಬ ಪ್ರೋಟೀನು ಸಿಕ್ಕಿತು. ಅದನ್ನು ತೆಗೆದರೆ ಕೋಶ ನೆಟ್ಟಗಾಗುತ್ತದೆ. ಈ ಕೊನೆಯ ಎರಡು ಕಂಡದ್ದು ಹೊಳೆಯುವ ಬಣ್ಣಗಳ ನೆರವಿನಿಂದಲೇ. 2012ರಲ್ಲಿ ಇನ್ನೂ ಜಾಣತನದ ಬಣ್ಣ ಬಂತು: ಬ್ಯಾಕ್ಟೀರಿಯಾ ತಾನೇ ಭಿತ್ತಿಗೆ ಹೆಣೆದುಕೊಳ್ಳುವ ಡಿ-ಅಮಿನೊ ಆಮ್ಲಕ್ಕೆ ಹೊಳಪು ಅಂಟಿಸಿ ಕೊಡುವುದು. ಕೊಲ್ಲುವುದು ಬೇಡ, ಕಾಯಿಸುವುದು ಬೇಡ. ಭಿತ್ತಿ ಎಲ್ಲಿ ಬೆಳೆಯುತ್ತಿದೆಯೋ ಅಲ್ಲಿ ಬೆಳಕು.

ಇದೇ ಜಾಡಿನ ವಿಧಾನ 2014ರಲ್ಲಿ ಹಳೆಯದೊಂದು ಒಗಟನ್ನು ಬಿಡಿಸಿತು. ಕಣ್ಣಿನ ಟ್ರಕೋಮಾಕ್ಕೆ ಕಾರಣವಾದ ಕ್ಲಮಿಡಿಯಾ, ಭಿತ್ತಿಯ ಮೇಲೆ ದಾಳಿ ಮಾಡುವ ಪೆನಿಸಿಲಿನ್‌ಗೆ ನಲುಗುತ್ತಿತ್ತು. ಆದರೆ ಅದರಲ್ಲಿ ಪೆಪ್ಟಿಡೊಗ್ಲೈಕಾನ್ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಡಿ-ಅಮಿನೊ ಆಮ್ಲದ ಜೋಡಿಗಳನ್ನು ಕೊಟ್ಟು, ಆಮೇಲೆ ಅವಕ್ಕೆ ಹೊಳಪು ಅಂಟಿಸಿದಾಗ, ಕೋಶ ಎರಡಾಗುವ ಸಾಲಿನಲ್ಲಿ ಮಾತ್ರ ಒಂದು ತೆಳು ಉಂಗುರ ಹೊತ್ತಿಕೊಂಡಿತು.