ಮತಗಟ್ಟೆಯ ಹೊರಗೆ

2023ರ ವಿಧಾನಸಭಾ ಚುನಾವಣೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯನ್ನು ಮತಗಟ್ಟೆಗೆ ಕರೆತಂದು ತಾನು ಹೊರಗೇ ನಿಂತಿದ್ದ. ಅಮೆರಿಕದ ಪೌರತ್ವ ಪಡೆದವನು. "ಸರ್, ನನ್ನಲ್ಲೂ ಭಾರತೀಯ ಪೌರನೆಂಬ ಕಾರ್ಡಿದೆ" ಎಂದು ನಕ್ಕ.

ಅವನಿಗೆ ಪೌರನೀತಿ ಬೋಧಿಸಿದವನು ನಾನೇ. ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವ ಪಡೆದವನು ಭಾರತದ ಪೌರನಲ್ಲವೆಂಬುದು ಸಂವಿಧಾನದ 9ನೆಯ ವಿಧಿ. ದೇಶವಿಭಜನೆಯ ಗಾಯ ಹಸಿಯಾಗಿದ್ದಾಗ ಬರೆದದ್ದು. 1955ರ ಪೌರತ್ವ ಕಾಯಿದೆಯೂ ಅದನ್ನೇ ಎತ್ತಿಹಿಡಿಯಿತು. 2006ರಿಂದ ನೀಡಲಾದ 'ಸಾಗರೋತ್ತರ ಭಾರತೀಯ ಪೌರ' ಕಾರ್ಡನ್ನು ಅನೇಕರು ದ್ವಿಪೌರತ್ವವೆಂದೇ ಭಾವಿಸಿದರು. ವಾಸ್ತವದಲ್ಲಿ ಅದು ಆಜೀವ ವೀಸಾ. ಅದರಿಂದ ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. 2015ರ ತಿದ್ದುಪಡಿಯು ಆ ಹೆಸರಿಗೆ 'ಕಾರ್ಡುದಾರ' ಎಂಬ ಬಾಲವನ್ನು ಸೇರಿಸಿತು. ನನಗೆ ಆ ಬಾಲವೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಅವನ ತಮ್ಮ ದುಬೈಯಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವನು. 2010ರ ತಿದ್ದುಪಡಿಯ ಫಲವಾಗಿ ಅಂಥವರೂ ತವರೂರಿನ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಮತಗಟ್ಟೆಗೆ ಖುದ್ದಾಗಿ ಬರಬೇಕು. ಅವನಿಗೆ ರಜೆ ದೊರೆತಿರಲಿಲ್ಲ.

ಅಷ್ಟರಲ್ಲಿ ತಾಯಿ ಶಾಯಿ ಹಚ್ಚಿದ ಬೆರಳನ್ನು ನೋಡಿಕೊಳ್ಳುತ್ತ ಹೊರಬಂದರು. "ನಿಮ್ಮಿಬ್ಬರ ಪಾಲಿನದನ್ನೂ ನಾನೇ ಹಾಕಿದೆ ಕಣೋ" ಎಂದರು.